ನೀಲಿ ಡಬ್ಬಿಯ ವಾರಸುದಾರ

ಮಾನ್ಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಸಾರಿಗೆ ಸಂಸ್ಥೆಯ ಎಲ್ಲ ವಿಭಾಗಗಳ ಮುಖ್ಯಸ್ಥರೇ, ಚಾಲಕರೇ, ನಿರ್ವಾಹಕರೇ, ವರ್ಕ್‌ಷಾಪಿನಿಂದ ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಬಂದು ಹಿಂದಿನ ಸಾಲಿನಲ್ಲಿ ನಿಂತಿರುವ ಗೆಳೆಯರೇ, ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂತಿರುವ ನಮ್ಮ ಮನೆಯವರೇ, ಮತ್ತು ಊಟವಾದ ಮೇಲೂ ಎದ್ದು ಹೋಗದೆ ಉಳಿದಿರುವ ಸಭಿಕರೇ,

ಮೊದಲು ಈ ಮೈಕನ್ನು ಸ್ವಲ್ಪ ಕೆಳಗಿಳಿಸಿ. ಇನ್ನೂ ಕೆಳಗೆ. ಇನ್ನೂ ಸ್ವಲ್ಪ. ಎದೆಯ ಹತ್ತಿರ ಇರಲಿ. ದನಿ ಕಡಿಮೆಯಾದರೆ ಗಟ್ಟಿಯಾಗಿ ಮಾತಾಡುತ್ತೇನೆ, ಅದಕ್ಕೇನು. ನನ್ನ ಬಾಯಿ ಮರೆಯಾಗಬಾರದು. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಫೋಟೋದವರೇ, ನೀವು ಈಗಲೇ ಬೇಡ. ನಾನು ಹೇಳಿದಾಗ ತೆಗೆಯಿರಿ.

ಬೀಳ್ಕೊಡುಗೆ ಸಮಾರಂಭದಲ್ಲಿ ನಿವೃತ್ತನಾಗುವವನು ಗದ್ಗದ ಕಂಠದಿಂದ ನಾಲ್ಕು ಮಾತಾಡಿ, ಕಣ್ಣೊರೆಸಿಕೊಂಡು ಕೂತುಬಿಡಬೇಕು. ನಾನೂ ಹಾಗೇ ಬರೆದುಕೊಂಡು ಬಂದಿದ್ದೆ. ಆ ಕಾಗದ ಜೇಬಿನಲ್ಲಿದೆ, ಅಲ್ಲೇ ಇರಲಿ. ಯಾಕೆಂದರೆ ಊಟದ ಹೊತ್ತಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ. ನನ್ನ ಬೀಳ್ಕೊಡುಗೆಯ ದಿನವೇ, ನಾನೇ ಕಟ್ಟಿ ಬೆಳೆಸಿದ ವಿಭಾಗದವರು, ನನ್ನ ಸ್ವಂತ ವಸ್ತುವನ್ನು ಎತ್ತಿಕೊಂಡು ಹೋಗಿ, ಅದಕ್ಕೆ ಚೀಟಿ ಕಟ್ಟಿ, ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದಾರೆ. ಕೇಳಿದರೆ ಕೊಡುವುದಿಲ್ಲ ಎನ್ನುತ್ತಾರೆ! ಇದಕ್ಕಿಂತ ಅನ್ಯಾಯ ಬೇರೆ ಇದೆಯೇ? ನೀವೇ ಹೇಳಿ, ಇದೆಯೇ?

ಮುಖ್ಯ ಅತಿಥಿಗಳಿಗೆ ನಮ್ಮ ವಿಭಾಗ ಗೊತ್ತಿರಲಾರದು. ಅದು ಬಸ್‌ ನಿಲ್ದಾಣದ ಹಿಂಭಾಗದಲ್ಲಿ, ಶೌಚಾಲಯ ದಾಟಿದ ಮೇಲೆ ಬರುವ ಉದ್ದನೆಯ ಕೋಣೆ. ಕಳೆದುಹೋದ ವಸ್ತುಗಳ ವಿಭಾಗ. ಬಸ್ಸಿನಲ್ಲಿ ಜನ ಏನೇನು ಬಿಟ್ಟುಹೋಗುತ್ತಾರೋ ಅದೆಲ್ಲ ಅಲ್ಲಿಗೆ ಬರುತ್ತದೆ. ಕೊಡೆಗಳಂತೂ ಬಿಡಿ, ಒಂದು ಗೋಡೆ ತುಂಬ ಕೊಡೆಗಳೇ. ಕನ್ನಡಕಗಳು, ಒಂಟಿ ಚಪ್ಪಲಿಗಳು, ತೊಳೆಯದ ಟಿಫನ್ ಡಬ್ಬಿಗಳು, ಒಮ್ಮೆ ಒಂದು ಜೊತೆ ಊರುಗೋಲು. ಊರುಗೋಲು ಬಿಟ್ಟವರು ಬಸ್ಸಿನಿಂದ ಇಳಿದು ಹೇಗೆ ನಡೆದುಹೋದರು ಎಂಬುದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಆ ಕೋಣೆಗೆ ನಾನು ಗುಮಾಸ್ತನಾಗಿ ಸೇರಿದೆ, ಮುಖ್ಯಸ್ಥನಾಗಿ ಇವತ್ತು ಹೊರಬೀಳುತ್ತಿದ್ದೇನೆ.

ನಾನು ಸೇರಿದಾಗ ಅಲ್ಲಿ ನಿಯಮ ಎನ್ನುವುದೇ ಇರಲಿಲ್ಲ. ಯಾರು ಬೇಕಾದರೂ ಬಂದು ‘ಆ ಕಪ್ಪು ಕೊಡೆ ನಂದು’ ಎಂದರೆ ಕೊಟ್ಟುಬಿಡುತ್ತಿದ್ದರು. ನಾನು ಬಂದು ಬಿಗಿ ಮಾಡಿದೆ. ಎಲ್ಲಾದರೂ ವಸ್ತು ಸಿಕ್ಕರೆ, ಅಲ್ಲೇ ನಿಂತು, ಸುತ್ತಲಿದ್ದವರಿಗೆ ಕೇಳುವಂತೆ ಮೂರು ಸಲ ‘ಇದು ಯಾರದು’ ಎಂದು ಕೂಗಬೇಕು. ಯಾರೂ ಮಾತಾಡದಿದ್ದರೆ ಚೀಟಿ ಕಟ್ಟಿ ಒಳಗಿಡಬೇಕು. ಆಮೇಲೆ ವಾರಸುದಾರರು ಬಂದರೆ ಕೌಂಟರಿನ ಮುಂದೆ, ಎಲ್ಲರೆದುರು, ಬಾಯಿಬಿಟ್ಟು ಕೇಳಬೇಕು. ಹೊರಗಿನಿಂದ ನೋಡಿದರೆ ಕಾಣದ ಒಂದು ಗುರುತು ಹೇಳಬೇಕು. ಕೊನೆಗೆ ಹಾಕಿ ತೋರಿಸಬೇಕು. ಚಪ್ಪಲಿಯಾದರೆ ಕಾಲಿಗೆ, ಕನ್ನಡಕವಾದರೆ ಕಣ್ಣಿಗೆ. ಈ ನಿಯಮಗಳನ್ನು ಬರೆದವನು ನಾನು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನೂ ನಾನು.

ಒಮ್ಮೆ ಒಬ್ಬ ಅಜ್ಜ ತಮ್ಮ ಹಲ್ಲಿನ ಸೆಟ್ಟು ಕೇಳಿಕೊಂಡು ಬಂದರು. ‘ಹಾಕಿ ತೋರಿಸಿ’ ಎಂದೆ. ಸರದಿಯಲ್ಲಿ ನಿಂತವರೆಲ್ಲ ಮುಸಿಮುಸಿ ನಗುತ್ತಿದ್ದರು. ಅಜ್ಜ ಸೆಟ್ಟು ತೊಳೆದು ಹಾಕಿಕೊಂಡರು, ಹಾಕಿಕೊಂಡು ಮೊದಲ ಕೆಲಸವಾಗಿ ನನ್ನನ್ನು ಬೈದರು. ಒಂದು ಅಕ್ಷರವೂ ತಪ್ಪದೆ, ಅಷ್ಟು ಸ್ಪಷ್ಟವಾಗಿ ಬೈದರು. ಬೇರೆಯವರ ಹಲ್ಲಿನಲ್ಲಿ ಹಾಗೆ ಬೈಯಲು ಆಗುವುದಿಲ್ಲ ಎಂದು ನಾನು ಮರುಮಾತಿಲ್ಲದೆ ಕೊಟ್ಟು ಕಳಿಸಿದೆ.

ನಗಿ, ನಗಿ. ಇವತ್ತು ಆ ಅಜ್ಜನ ಜಾಗದಲ್ಲಿ ನಾನಿದ್ದೇನೆ.

ಆದದ್ದಿಷ್ಟು. ಮಧ್ಯಾಹ್ನ ಊಟದ ಕೋಣೆಯಲ್ಲಿ ಕೈತೊಳೆಯುವ ಜಾಗದ ಪಕ್ಕ, ಸಾಬೂನಿನ ಹತ್ತಿರ, ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೆ. ಅಂಗೈಯಷ್ಟಗಲ, ಮುಚ್ಚಳ ಒತ್ತಿದರೆ ಟಪ್ ಎನ್ನುವಂಥದ್ದು. ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರಲಿರುವ ನಮ್ಮ ಹೊಸ ಮುಖ್ಯಸ್ಥೆ ಅದನ್ನು ಕಂಡರು. ನಾನೇ ಕೆಲಸ ಕಲಿಸಿದ ಹೆಣ್ಣುಮಗಳು. ಎತ್ತಿಕೊಂಡು ನೇರ ಉಗ್ರಾಣಕ್ಕೆ ಹೋಗಿಬಿಟ್ಟರು. ಹಿರಿಯರ ವಸ್ತು, ನಿವೃತ್ತಿಯ ದಿನ, ಸ್ವಲ್ಪವಾದರೂ ವಿವೇಚನೆ ಬೇಡವೇ? ಇದು ಯಾರದು ಎಂದು ಒಂದು ಮಾತು ಕೇಳಬಾರದೇ?

ಕೇಳಿದರು. ಆಯಿತು, ತಲೆಯಾಡಿಸಬೇಡಿ, ಒಪ್ಪುತ್ತೇನೆ. ಕೇಳಿದರು. ಡಬ್ಬಿಯನ್ನು ಮೇಲಕ್ಕೆತ್ತಿ ಹಿಡಿದು, ಮೂರು ಸಲವೂ ಕೂಗಿ ಕೇಳಿದರು. ನಾನು ಅವರ ಪಕ್ಕದಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ. ಸುತ್ತ ನೀವೆಲ್ಲ ಇದ್ದಿರಿ. ಟಿಕೆಟ್ ವಿಭಾಗದವರೊಬ್ಬರು ‘ಏನಿರಬಹುದು ಅದ್ರೊಳಗೆ’ ಎಂದು ಇಣುಕುತ್ತಿದ್ದರು. ನಾನು ಟವೆಲ್ಲಿನಲ್ಲಿ ಕೈ ಒರೆಸುತ್ತಲೇ ಇದ್ದೆ. ಒಣಗಿದ ಕೈಯನ್ನು ಮತ್ತೆ ಮತ್ತೆ ಒರೆಸಿದೆ.

ಎಲ್ಲರೂ ಸಭೆಗೆ ಹೊರಟ ಮೇಲೆ ಉಗ್ರಾಣದ ಕಿಟಕಿಗೆ ಹೋದೆ. ಮೆಲ್ಲನೆ, ‘ಏನಮ್ಮಾ, ಆ ನೀಲಿ ಡಬ್ಬಿ ಸ್ವಲ್ಪ ಕೊಡ್ತೀರಾ’ ಎಂದೆ. ಅವರು ಏನಂದರು ಗೊತ್ತೇ? ‘ಸರ್, ಕೇಳಿಸ್ಲಿಲ್ಲ. ಬಾಯಿಂದ ಕೈ ತೆಗೆದು ಹೇಳಿ. ನೀವೇ ಕಲಿಸಿದ್ದಲ್ವಾ ಸರ್, ವಾರಸುದಾರರು ಎಲ್ಲರೆದುರು ಕೇಳ್ಬೇಕು ಅಂತ?’ ಎಂದರು. ಕಿಟಕಿ ಮುಚ್ಚಿದರು. ನನಗೆ ಎಲ್ಲಿಲ್ಲದ ಕೋಪ ಬಂತು. ಎಂಥ ಕೆಲಸಗಾರ್ತಿಯನ್ನು ತಯಾರು ಮಾಡಿಬಿಟ್ಟೆ ನಾನು!

ಸರಿ. ಎಲ್ಲರೆದುರು ತಾನೇ? ಇಗೋ, ಎಲ್ಲರೂ ಇದ್ದೀರಿ. ಅಧ್ಯಕ್ಷರ ಅಪ್ಪಣೆಯಿಂದ ಈ ಭಾಷಣವನ್ನೇ ನನ್ನ ಅರ್ಜಿ ಎಂದು ತಿಳಿಯಬೇಕು. ಆ ನೀಲಿ ಡಬ್ಬಿ ನನ್ನದು. ಅದರೊಳಗಿರುವುದು ಹಲ್ಲಿನ ರಿಟೇನರ್. ನನ್ನ ಹಲ್ಲಿನದು.

ಗುಸುಗುಸು ಬೇಡ. ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವುದು ನೋಡಿದ್ದೀರಲ್ಲ, ತಂತಿ ಕಟ್ಟಿ ಸೊಟ್ಟ ಹಲ್ಲನ್ನು ನೆಟ್ಟಗೆ ಮಾಡುವುದು? ಆ ತಂತಿ ತೆಗೆದ ಮೇಲೆ ಹಲ್ಲು ಮತ್ತೆ ಹಿಂದಿನ ಜಾಗಕ್ಕೆ ಓಡಿಹೋಗದಂತೆ ಹಿಡಿದಿಡಲು ಹಾಕಿಕೊಳ್ಳುವುದೇ ರಿಟೇನರ್. ಗಾಜಿನಂತೆ ಪಾರದರ್ಶಕ, ಹಲ್ಲಿನದೇ ಅಚ್ಚು. ಹಾಕಿಕೊಂಡರೆ ಹತ್ತಿರದವರಿಗೂ ಕಾಣುವುದಿಲ್ಲ. ಊಟ ಮಾಡುವಾಗ ತೆಗೆಯಬೇಕು, ಉಳಿದಂತೆ ಹಗಲೂ ರಾತ್ರಿ ಬಾಯಲ್ಲಿರಬೇಕು.

ನಿವೃತ್ತನಾಗುವ ವಯಸ್ಸಿನಲ್ಲಿ ಇದೆಲ್ಲ ಏನು ಶೋಕಿ ಎಂದು ನಿಮಗೆ ಅನ್ನಿಸುತ್ತಿದೆ. ಅನ್ನಿಸಲಿ. ನನಗೆ ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಸಭಿಕರೇ, ಎರಡು ವರ್ಷ ನನ್ನ ಬಾಯಲ್ಲಿ ತಂತಿ ಇತ್ತು! ಕಂಬಿ, ರಬ್ಬರು, ಎಲ್ಲ ಇತ್ತು. ಪ್ರತಿದಿನ ನಿಮ್ಮ ಮಧ್ಯೆಯೇ ಓಡಾಡಿದೆ, ನಿಮ್ಮ ಜೊತೆಯೇ ಚಹಾ ಕುಡಿದೆ. ನಿಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬರಾದರೂ ‘ಏನ್ ಸರ್, ಬಾಯಲ್ಲೇನೋ ಮಿಂಚ್ತಾ ಇದೆ’ ಎಂದಿರಾ? ಎರಡು ವರ್ಷ ನನ್ನ ಮುಖ ನೋಡಿದ್ದೀರೋ, ಇಲ್ಲ ಬರೀ ಸಹಿ ನೋಡಿದ್ದೀರೋ?

ಗೊತ್ತಾಗುವುದಾದರೂ ಹೇಗೆ, ಅದನ್ನೂ ನಾನೇ ಹೇಳುತ್ತೇನೆ. ನಾನು ಬಾಯಿಯೇ ತೆಗೆಯುತ್ತಿರಲಿಲ್ಲ. ಮಾತಾಡುವಾಗ ಕೈ ಅಡ್ಡ ಬರುತ್ತಿತ್ತು. ಹೀಗೆ. ಅಯ್ಯೋ, ನೋಡಿ, ನೋಡಿ ಈ ಕೈಯನ್ನು! ಹೇಳುತ್ತಿರುವಾಗಲೇ ಅರ್ಧ ದಾರಿ ಮೇಲೆ ಬಂದುಬಿಟ್ಟಿತು. ಇನ್ನು ಎರಡೂ ಕೈಯಿಂದ ಈ ಮೇಜನ್ನು ಹಿಡಿದುಕೊಂಡೇ ಮಾತಾಡುತ್ತೇನೆ. ನಮ್ಮ ಮನೆಯವರು ಬೆಳಗ್ಗೆಯೇ ಎಚ್ಚರಿಕೆ ಕೊಟ್ಟಿದ್ದಾರೆ, ‘ಕೈ ಬಾಯಿ ಹತ್ರ ಬಂದ್ರೆ ನಾನು ಎದ್ದು ಮನೆಗೆ ಹೋಗ್ತೀನಿ’ ಅಂತ.

ಈ ವೇದಿಕೆಯ ಮೇಲೆ ನನಗಿಂತ ಮೊದಲು ಮಾತಾಡಿದ ಮಹನೀಯರೆಲ್ಲ ನನ್ನನ್ನು ಹೊಗಳಿದರು. ‘ಗಾಂಭೀರ್ಯದ ಮೂರ್ತಿ’ ಎಂದರು ಒಬ್ಬರು. ‘ನಕ್ಕದ್ದನ್ನೇ ನಾವು ನೋಡಿಲ್ಲ, ಅಂಥ ಶಿಸ್ತು’ ಎಂದರು ಇನ್ನೊಬ್ಬರು. ‘ಹಿತಮಿತ ಮಾತಿನ ಹಿರಿಯರು’ ಎಂದರು ಅಧ್ಯಕ್ಷರು. ಹಿಂದಿನಿಂದ ನೀವು ನನ್ನನ್ನು ‘ಬೀಗ’ ಎಂದು ಕರೆಯುತ್ತೀರಿ ಎಂಬುದೂ ನನಗೆ ಗೊತ್ತು. ಮಹನೀಯರೇ, ಅದು ಗಾಂಭೀರ್ಯ ಅಲ್ಲ. ಅದು ಶಿಸ್ತೂ ಅಲ್ಲ. ಅದು ಹಲ್ಲು! ಮುಂದಕ್ಕೆ ಚಾಚಿಕೊಂಡು, ಒಂದರ ಮೇಲೊಂದು ಹತ್ತಿ ಕೂತಿದ್ದ ನಾಲ್ಕು ಹಲ್ಲು. ಅವನ್ನು ಮುಚ್ಚಿಡಲು ತುಟಿ ಬಿಗಿದು ಕೂತರೆ ನೀವು ಅದಕ್ಕೆ ಗಾಂಭೀರ್ಯ ಎಂದು ಹೆಸರಿಟ್ಟು ಬಡ್ತಿ ಕೊಟ್ಟಿರಿ. ನನಗೆ ಎಷ್ಟು ಸಲ ನಗು ಬಂದಿದೆ ಗೊತ್ತೇ ಈ ಕಚೇರಿಯಲ್ಲಿ? ಆ ಊರುಗೋಲು ಬಂದ ದಿನ ನಾನು ಕೊಡೆಗಳ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಕ್ಕಿದ್ದೇನೆ.

ಹುಟ್ಟಿನಿಂದ ನಾನು ಹೀಗಿರಲಿಲ್ಲ. ಶಾಲೆಯಲ್ಲಿ ಹುಡುಗರು ‘ತುರಿಮಣೆ’ ಎಂದು ಕರೆಯುತ್ತಿದ್ದರು, ನಾನೂ ಅವರನ್ನು ಏನೇನೋ ಕರೆಯುತ್ತಿದ್ದೆ, ಲೆಕ್ಕ ಸರಿಹೋಗುತ್ತಿತ್ತು. ಮಕ್ಕಳ ಮಾತು, ಮಕ್ಕಳ ಜಗಳ. ಆದರೆ ಒಂದು ದಿನ ತರಗತಿಯ ಗುಂಪು ಫೋಟೋ ತೆಗೆಯಲು ಒಬ್ಬರು ಬಂದರು. ದೊಡ್ಡವರು. ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಮತ್ತೆ ಹೊರಗೆ ತೆಗೆದು, ನನ್ನತ್ತ ಬೆರಳು ತೋರಿಸಿ ಅಂದರು, ‘ಎಲ್ರೂ ನಗ್ಬೇಕು. ಏ ಮೂರನೇ ಹುಡ್ಗ, ನೀನೊಬ್ಬ ಬೇಡಪ್ಪ. ಬಾಯಿ ಮುಚ್ಕೊ.’ ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು. ಫೋಟೋದಲ್ಲಿ ಇಡೀ ತರಗತಿ ಅಷ್ಟು ಚೆನ್ನಾಗಿ ನಗುತ್ತಿದೆಯಲ್ಲ, ಅದು ನನ್ನ ಮೇಲೆ ನಕ್ಕ ನಗು. ಬಾಯಿ ಮುಚ್ಚಿದೆ. ಆಮೇಲೆ ತೆಗೆ ಎಂದು ಯಾರೂ ಹೇಳಲೇ ಇಲ್ಲವಲ್ಲ! ಫೋಟೋ ಮುಗಿಯಿತು, ಇನ್ನು ಬಾಯಿ ತೆಗಿ ಮಗೂ ಎಂದು ಒಂದು ಮಾತು ಹೇಳಲು ಆ ಮನುಷ್ಯನಿಗೆ ಏನಾಗಿತ್ತು ದಾಡಿ? ಕ್ಷಮಿಸಿ. ಸಭೆಯಲ್ಲಿ ಆಡುವ ಮಾತಲ್ಲ. ಆದರೂ ಕೇಳುತ್ತೇನೆ, ಏನಾಗಿತ್ತು ದಾಡಿ?

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ನಿವೃತ್ತನಾಗುತ್ತಿದ್ದೆ. ನಷ್ಟ ನನ್ನೊಬ್ಬನದೇ ಎಂದುಕೊಂಡಿದ್ದೆ.

ನಮ್ಮ ಮನೆಯವರು ಮದುವೆಗೆ ಮೊದಲಿನಿಂದ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವರು. ಮಗ್ಗಗಳ ಸದ್ದಿನಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಅಲ್ಲಿನ ಹೆಂಗಸರು ತುಟಿ ನೋಡಿಕೊಂಡೇ ಮಾತಾಡುತ್ತಾರೆ, ಜಗಳವಾಡುತ್ತಾರೆ, ಆ ತುದಿಯಿಂದ ಈ ತುದಿಗೆ ಗುಟ್ಟು ಹೇಳಿಕೊಳ್ಳುತ್ತಾರೆ. ದಿನವಿಡೀ ಹತ್ತಿಯ ನಡುವೆಯೇ ಕೆಲಸ. ಆದರೆ ಕಿವಿಗೆ ಇಟ್ಟುಕೊಳ್ಳಲು ಒಂದು ಚೂರು ಹತ್ತಿ ಕೊಟ್ಟರೇ ಆ ಗಿರಣಿಯವರು? ಕೊಡಲಿಲ್ಲ. ಕಿವಿ ಮೆಲ್ಲಮೆಲ್ಲನೆ ಮಂದವಾಯಿತು. ಇವರು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಬರಲಿಲ್ಲ. ಹಾಲಿನವನ ತುಟಿ ನೋಡಿದರು, ತರಕಾರಿಯವಳ ತುಟಿ ನೋಡಿದರು, ಅಕ್ಕಪಕ್ಕದವರ ತುಟಿ ನೋಡಿದರು, ಎಲ್ಲರಿಗೂ ಸರಿಯಾಗಿ ಉತ್ತರ ಕೊಟ್ಟರು.

ನನಗೊಬ್ಬನಿಗೆ ಕೊಡುತ್ತಿರಲಿಲ್ಲ. ಎರಡು ಸಲ ಕರೆದರೂ ಓಗೊಡುತ್ತಿರಲಿಲ್ಲ. ಉಪ್ಪು ಕೇಳಿದರೆ ನೀರು ತಂದಿಡುತ್ತಿದ್ದರು. ನನ್ನ ಮಾತಿಗೆ ಎಳ್ಳಷ್ಟೂ ಬೆಲೆಯಿಲ್ಲ ಎಂದುಕೊಂಡೆ. ನಾನು ಇನ್ನೂ ತುಟಿ ಬಿಗಿದೆ. ಒಂದು ಸಂಜೆ ಫೋನು ಬಂತೆಂದು ಟಿವಿಯ ದನಿ ಪೂರ್ತಿ ಕಡಿಮೆ ಮಾಡಿದೆ. ಮಾತು ಮುಗಿದ ಮೇಲೆ ಹೆಚ್ಚಿಸಲು ಮರೆತೆ. ನೋಡುತ್ತೇನೆ, ಸದ್ದೇ ಇಲ್ಲದ ಟಿವಿಯ ಮುಂದೆ ಕೂತು ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ! ಸರಿಯಾದ ಜಾಗಕ್ಕೆ ಸರಿಯಾಗಿ ನಗುತ್ತಿದ್ದಾರೆ. ‘ನಿಂಗೆ ಕಿವಿ ಕೇಳ್ಸಲ್ವಾ?’ ಎಂದು ಕೇಳಿದೆ. ಉತ್ತರವಿಲ್ಲ. ಹತ್ತಿರ ಬಂದರು, ನನ್ನ ಕೈಯನ್ನು ಹಿಡಿದು ಬಾಯಿಯಿಂದ ಕೆಳಗಿಳಿಸಿದರು. ‘ಈಗ ಕೇಳಿ’ ಎಂದರು. ಕೇಳಿದೆ. ಆಗ ಅವರು ಹೇಳಿದ್ದನ್ನು ಹೇಳಿಬಿಡುತ್ತೇನೆ, ಅವರಿಗೆ ಕೋಪ ಬಂದರೆ ಬರಲಿ. ‘ಎಲ್ಲಾರ ಮಾತೂ ಕಾಣುತ್ತೆ ನಂಗೆ. ನಿಮ್ದೊಂದೇ ಕಾಣಲ್ಲ. ಇಷ್ಟು ವರ್ಷ ನಾನು ಊಹೆ ಮೇಲೆ ಸಂಸಾರ ಮಾಡಿದೀನಿ ರೀ’ ಎಂದರು.

ಊಹೆಯ ಮೇಲೆ ಸಂಸಾರ! ಸಭಿಕರೇ, ಈ ಮಾತನ್ನು ನಿಮ್ಮ ಹೆಂಡತಿ ಅಂದಿದ್ದರೆ ನಿಮಗೆ ನಿದ್ದೆ ಬರುತ್ತಿತ್ತೇ?

ಕಿವಿಗೆ ಯಂತ್ರ ಹಾಕಿಸಿದೆವು. ಅದು ಬಸ್ಸಿನ ಹಾರನ್ನನ್ನು ಚೆನ್ನಾಗಿ ಕೇಳಿಸುತ್ತದೆ, ಕುಕ್ಕರಿನ ಸೀಟಿಯನ್ನು ಇನ್ನೂ ಚೆನ್ನಾಗಿ ಕೇಳಿಸುತ್ತದೆ, ಗಂಡನ ಮಾತನ್ನು ಮಾತ್ರ ಕಲಸಿ ಕೊಡುತ್ತದೆ. ಕೈ ಕೆಳಗಿಟ್ಟು ಮಾತಾಡಲು ಪ್ರಯತ್ನಪಟ್ಟೆ. ಕೈಯನ್ನು ಬಿಗಿಹಿಡಿದರೆ ತುಟಿ ಬಂದು ಹಲ್ಲನ್ನು ಮುಚ್ಚುತ್ತಿತ್ತು. ಮುಚ್ಚಿದ ತುಟಿಯಲ್ಲಿ ಏನು ಕಾಣುತ್ತದೆ? ಅದಕ್ಕೇ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅಲ್ಲಿ ಕೂತಿದ್ದವರೆಲ್ಲ ಶಾಲೆಯ ಸಮವಸ್ತ್ರದವರು. ಪಕ್ಕದಲ್ಲಿದ್ದ ಒಬ್ಬಳು ಚೂಟಿ ಹುಡುಗಿ ‘ತಾತ, ನೀವು ಯಾವ ಬಣ್ಣದ ರಬ್ಬರ್ ಹಾಕಿಸ್ಕೋತೀರಾ?’ ಎಂದು ಕೇಳಿದಳು. ಮುಖ್ಯಸ್ಥನ ಹುದ್ದೆಯಲ್ಲಿರುವವನು ಎಂಬ ಭಯಭಕ್ತಿ ಇಲ್ಲವೇ ಇಲ್ಲ. ನೀಲಿ ಎಂದೆ.

ತಂತಿ ತೆಗೆದ ದಿನ ಕನ್ನಡಿಯಲ್ಲಿ ನೋಡಿಕೊಂಡೆ. ನಾಲ್ಕೂ ಹಲ್ಲು ಸರದಿಯಲ್ಲಿ ನಿಂತ ಪ್ರಯಾಣಿಕರ ಹಾಗೆ ಸಾಲಾಗಿ ನಿಂತಿದ್ದವು. ಮುಗಿಯಿತು ಎಂದು ಎದ್ದೆ. ಡಾಕ್ಟರು ಕೂರಿಸಿದರು. ‘ಮುಗೀಲಿಲ್ಲ ಸರ್, ಈಗ ಶುರು. ಹಲ್ಲು ಹಳೇ ಜಾಗಕ್ಕೇ ವಾಪಸ್ ಹೋಗೋಕೆ ನೋಡುತ್ತೆ. ಹಿಡ್ಕೊಂಡಿರಬೇಕಾದ್ದು ನಿಮ್ಮ ಕೆಲಸ’ ಎಂದರು. ಆ ನೀಲಿ ಡಬ್ಬಿಯನ್ನು ಕೈಗಿಟ್ಟರು. ಅದರ ಮೇಲೆ ನನ್ನ ಹೆಸರಿನ ಸ್ಟಿಕರ್ ಅಂಟಿಸಿದ್ದರು. ಮೆಟ್ಟಿಲಿಳಿಯುವಾಗಲೇ ಅದನ್ನು ಕಿತ್ತುಹಾಕಿದೆ. ಹೌದು, ನಾನೇ ಕಿತ್ತೆ. ಬಸ್ಸಿನಲ್ಲಿ ಹೆಸರಿಲ್ಲದ ಸಾಮಾನು ಬಿಟ್ಟುಹೋಗುವ ಜನರನ್ನು ಇಷ್ಟು ವರ್ಷ ಬೈದವನು.

ಈ ರಿಟೇನರ್ ಎನ್ನುವುದು ಎಂಥ ನಾಜೂಕಿನ ವಸ್ತು ಎಂದು ನಿಮಗೆ ಗೊತ್ತಿಲ್ಲ, ಅದಕ್ಕೇ ನಗುತ್ತಿದ್ದೀರಿ. ತಣ್ಣೀರಿನಲ್ಲಿ ತೊಳೆಯಬೇಕು, ಮೆತ್ತನೆಯ ಬ್ರಷ್ಷಿನಲ್ಲಿ ಹಗುರವಾಗಿ ಉಜ್ಜಬೇಕು. ಪೇಸ್ಟು ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ. ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿಟ್ಟರೆ ಎಂಜಲು ತಟ್ಟೆಯ ಜೊತೆ ಕಸಕ್ಕೆ ಹೋಗುತ್ತದೆ. ಆ ಚೂಟಿ ಹುಡುಗಿ ಹಾಗೆ ಎರಡು ಕಳೆದುಕೊಂಡಿದ್ದಳಂತೆ. ಎಲ್ಲಕ್ಕಿಂತ ಮುಖ್ಯವಾಗಿ ಬಿಸಿನೀರು ತಾಗಿಸಬಾರದು. ಇದನ್ನು ನಾನು ನನ್ನ ಭಾವಮೈದನಿಗೆ ಮೊದಲೇ ಹೇಳಬೇಕಿತ್ತು. ಅವರ ಮನೆಗೆ ಹೋಗಿದ್ದಾಗ ನಾನು ಊಟಕ್ಕೆ ಕೂತಿದ್ದೆ. ಆ ಪುಣ್ಯಾತ್ಮ ಭಾವನಿಗೆ ಉಪಕಾರ ಮಾಡೋಣ ಎಂದು, ಡಬ್ಬಿಯಲ್ಲಿದ್ದದ್ದನ್ನು ತೆಗೆದು ಕುದಿಯುವ ನೀರಿಗೆ ಹಾಕಿದ! ‘ಕ್ರಿಮಿ ಎಲ್ಲ ಸತ್ತಿರುತ್ವೆ ಭಾವ, ಹಾಕ್ಕೊಳ್ಳಿ’ ಎಂದು ಚಮಚದಲ್ಲಿ ಎತ್ತಿ ಕೊಟ್ಟ. ಕ್ರಿಮಿಯ ಜೊತೆಗೆ ರಿಟೇನರ್ರೂ ಸತ್ತಿತ್ತು. ಸುರುಟಿಕೊಂಡು ಬೆಂದ ಮೆಣಸಿನಕಾಯಿಯಂತಾಗಿತ್ತು. ಅವನನ್ನು ಆ ಹೊತ್ತು ಏನೇನು ಅಂದೆನೋ ನೆನಪಿಲ್ಲ, ನಮ್ಮ ಮನೆಯವರು ಮಾತ್ರ ‘ನಿಮ್ಮ ಬೈಗುಳ ಎಲ್ಲ ಸ್ಪಷ್ಟವಾಗಿ ಕಾಣಿಸ್ತು’ ಎಂದರು.

ಹೊಸದು ಬರಲು ತಡವಾಯಿತು. ಅಷ್ಟರಲ್ಲಿ, ಸಭಿಕರೇ, ಒಂದು ಹಲ್ಲು ಮೆಲ್ಲನೆ ಹೊರಟಿತ್ತು. ಕನ್ನಡಿಗೆ ಕಾಣದಷ್ಟು. ನಾಲಿಗೆಗೆ ಮಾತ್ರ ತಿಳಿಯುವಷ್ಟು. ಅಷ್ಟಕ್ಕೇ ನನ್ನ ಕೈ ತಾನಾಗಿ ಮೇಲಕ್ಕೆ ಬರಲು ಶುರುಮಾಡಿತು. ಎಷ್ಟು ಕಷ್ಟಪಟ್ಟು ಇಳಿಸಿದ ಕೈ! ಒಂದು ಬೆಳಗ್ಗೆ ಏನೋ ಹೇಳುತ್ತಿದ್ದೆ, ಇವರು ನನ್ನ ಮುಖ ನೋಡುತ್ತಾ ನೋಡುತ್ತಾ ಕಣ್ಣು ಕೆಳಗಿಳಿಸಿಬಿಟ್ಟರು. ‘ಮತ್ತೆ ಮಸುಕಾಯ್ತು ರೀ’ ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಹೋದರು. ನನಗೆ ಅವತ್ತು ಆದ ಭಯ ಜನ್ಮದಲ್ಲಿ ಆಗಿರಲಿಲ್ಲ. ಹೊಸ ರಿಟೇನರ್ ಬಂದಾಗ ಹಲ್ಲಿಗೆ ಕೂರಲೇ ಒಲ್ಲದು, ಅಷ್ಟು ಬಿಗಿ, ಅಷ್ಟು ನೋವು. ಹಲ್ಲು ಕಚ್ಚಿಕೊಂಡು ಹಾಕಿಕೊಂಡೆ. ಹಾಕಿಕೊಂಡೇ ಇದ್ದೆ, ಹಲ್ಲು ಸೋತು ಹಿಂದಕ್ಕೆ ಬರುವ ತನಕ.

ಈಗ ತಿಳಿಯಿತೇ ನನಗೆ ಯಾಕೆ ಮೈ ಉರಿಯುತ್ತಿದೆ ಎಂದು? ನೀವು ಬೀಗ ಹಾಕಿಟ್ಟಿರುವುದು ಒಂದು ಪ್ಲಾಸ್ಟಿಕ್ ಅಚ್ಚನ್ನಲ್ಲ. ಇನ್ನು ಮೇಲೆ ನನಗೆ ಕಚೇರಿಯಿಲ್ಲ. ನಾಳೆಯಿಂದ ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ನಾವಿಬ್ಬರೇ. ಇಷ್ಟು ವರ್ಷ ಹೇಳಿಯೂ ಅವರಿಗೆ ಕಾಣದೇ ಹೋದ ಮಾತುಗಳನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕಾಗಿದೆ. ಅದಕ್ಕೆ ನನಗೆ ಈ ಬಾಯಿ ಬೇಕು. ಇದು ಹೀಗೇ ಇರಬೇಕು.

ಇನ್ನು ನಿಯಮ. ಹೊರಗಿನಿಂದ ಕಾಣದ ಗುರುತು. ಹೊಸ ಮುಖ್ಯಸ್ಥೆಯವರೇ, ಡಬ್ಬಿ ಈಗ ನಿಮ್ಮ ಕೈಯಲ್ಲೇ ಇದೆ, ನಾನು ಮಾತಾಡುತ್ತಿರುವಾಗ ನೀವು ಎದ್ದು ಹೋಗಿ ತಂದದ್ದನ್ನು ನೋಡಿದೆ. ಮುಚ್ಚಳ ತೆಗೆಯಿರಿ. ಎಡಗಡೆಯ ಹಿಂದಿನ ಅಂಚಿನಲ್ಲಿ ಕೂದಲೆಳೆಯಷ್ಟು ಒಂದು ಸೀಳು ಇರಬೇಕು. ಬೆಳಕಿಗೆ ಹಿಡಿದರೆ ಕಾಣುತ್ತದೆ. ರಿಟೇನರ್ ತೆಗೆಯುವಾಗ ಎರಡೂ ಕಡೆಯಿಂದ, ಎರಡೂ ಕೈಯಿಂದ, ಸಮನಾಗಿ ಬಿಡಿಸಬೇಕು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಮನೆಯಲ್ಲಿ ಹಾಗೇ ತೆಗೆಯುತ್ತೇನೆ. ಈ ಕಚೇರಿಯ ಊಟದ ಕೋಣೆಯಲ್ಲಿ ಮಾತ್ರ ದಿನವೂ ಒಂದೇ ಕೈಯಿಂದ, ಒಂದೇ ಕಡೆಯಿಂದ ಎಳೆದಿದ್ದೇನೆ. ಇನ್ನೊಂದು ಕೈ ಬಾಯಿ ಮುಚ್ಚಿಕೊಂಡಿತ್ತು. ಅದಕ್ಕೇ ಅದು ಎಡಗಡೆ ಸೀಳಿದೆ. ಇದೇ ನನ್ನ ಗುರುತು.

ಇದೆಯೇ?

ಇದೆ ಎಂದು ತಲೆಯಾಡಿಸುತ್ತಿದ್ದಾರೆ. ಕಣ್ಣೊರೆಸಿಕೊಳ್ಳುವ ಕೆಲಸ ನನ್ನದು, ನಿಮ್ಮದಲ್ಲ, ತನ್ನಿ ಇತ್ತ. ಒಳ್ಳೆಯ ಕೆಲಸ ಮಾಡಿದ್ದೀರಿ. ಇದನ್ನೇ ಯಾವ ಕನಿಕರಕ್ಕೂ ಬಿಡದೆ ಮುಂದುವರಿಸಿ. ನನ್ನ ಕೋಪ ಇನ್ನೂ ಇಳಿದಿಲ್ಲ, ಅದು ಬೇರೆ ಮಾತು.

ಇನ್ನು ಹಾಕಿ ತೋರಿಸುವುದೊಂದು ಬಾಕಿ. ಅಧ್ಯಕ್ಷರೇ, ನಿಮ್ಮ ಮುಂದಿರುವ ಆ ಲೋಟದ ನೀರು ತಣ್ಣಗಿದೆ ತಾನೇ? ಕೊಡಿ. ಖಾಲಿ ಲೋಟವನ್ನೂ ಕೊಡಿ. ಹೀಗೆ ಹಿಡಿದು, ಹೀಗೆ ನೀರು ಬಿಟ್ಟು ತೊಳೆಯಬೇಕು. ಎರಡೂ ಕೈ. ಎಲ್ಲರೂ ನೋಡಿ, ಮರೆಮಾಚುವುದೇನಿಲ್ಲ.

ಹಾಂ. ಕೂತಿತು. ಸ್ವಲ್ಪ ಬಿಗಿ ಅನ್ನಿಸುತ್ತಿದೆ, ಅಷ್ಟೇ. ಮೂರನೇ ಹುಡುಗನನ್ನು ಈಗ ನೋಡಿ. ಫೋಟೋದವರೇ, ಈಗ ತೆಗೆಯಿರಿ. ಬಾಯಿ ಮುಚ್ಚಿಕೊಳ್ಳಲೇ? ಬೇಡವೇ? ಇನ್ನೊಂದು ತೆಗೆಯಿರಿ. ಇನ್ನೂ ಒಂದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನನ್ನು ಸಹಿಸಿಕೊಂಡ ಸಂಸ್ಥೆಗೆ, ಸುಳ್ಳೇ ಆದರೂ ಹೊಗಳಿದ ಹಿರಿಯರಿಗೆ, ಬೀಗ ಎಂದು ಕರೆದ ಕಿರಿಯರಿಗೆ, ಊಟ ಬಡಿಸಿದವರಿಗೆ, ನನ್ನ ಡಬ್ಬಿಯನ್ನು ಕಸಕ್ಕೆ ಎಸೆಯದೆ ಎತ್ತಿಟ್ಟ ಕೈಗಳಿಗೆ ನಾನು ಋಣಿ. ಕೊನೆಯ ಒಂದು ಮಾತಿದೆ. ಅದು ಸಭೆಗಲ್ಲ, ನಮ್ಮ ಮನೆಯವರಿಗೆ. ಮೈಕ್ ಆಫ್ ಮಾಡಿ. ಅವರಿಗೆ ಅದು ಬೇಕಾಗಿಲ್ಲ. ನೀವೆಲ್ಲ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡುತ್ತಿದ್ದರೆ ಉಪಕಾರ.

ಹೇಳಿದೆ. ಮೈಕ್ ಹಾಕಿ.

ಏನು? ಇನ್ನೊಮ್ಮೆಯೇ? ಸಭಿಕರೇ, ನಮ್ಮ ಮನೆಯವರು ಇನ್ನೊಂದು ಸಲ ಹೇಳಿ ಎಂದು ಕೈಮಾಡುತ್ತಿದ್ದಾರೆ. ಕಾಣಿಸಲಿಲ್ಲವಂತೆ. ಸುಳ್ಳು. ಕಿವಿಯವರೆಗೂ ಕೆಂಪಾಗಿದ್ದಾರೆ, ಚೆನ್ನಾಗಿ ಕಾಣಿಸಿದೆ. ಆದರೂ ಹೇಳುತ್ತೇನೆ. ಮೈಕ್ ಆಫ್ ಮಾಡಬೇಡಿ, ಇರಲಿ ಬಿಡಿ, ದನಿ ಬರುವುದಿಲ್ಲ, ಬರೀ ತುಟಿ.

ಆಯಿತು. ಎಲ್ಲರಿಗೂ ನಮಸ್ಕಾರ.